ಮೆಟ್ಟಿಲು ಹತ್ತಿದ ಮನುಷ್ಯ: ಮಾರ್ಟಿನ್ ಬಾಲ್ಸಮ್ ನಟನೆಯ ಬಗ್ಗೆ

1960ರಲ್ಲಿ ಬಂದ ಹಿಚ್‌ಕಾಕ್ ಅವರ ‘ಸೈಕೋ’ ಚಿತ್ರದಲ್ಲಿ ಅರ್ಬೊಗ್ಯಾಸ್ಟ್ ಅನ್ನೋ ಖಾಸಗಿ ಪತ್ತೇದಾರನೊಬ್ಬ ಬರುತ್ತಾನೆ. ಕಾಣೆಯಾದ ಹೆಂಗಸನ್ನೂ ಅವಳು ಕದ್ದೊಯ್ದ 40,000 ಡಾಲರನ್ನೂ ಹುಡುಕುವುದು ಅವನ ಕೆಲಸ. ಹುಡುಕುತ್ತಾ ಹುಡುಕುತ್ತಾ ಗುಡ್ಡದ ಮೇಲಿನ ಹಳೇ ಮನೆಗೆ ಬರುತ್ತಾನೆ. ಒಳಗೆ ಕಾಲಿಟ್ಟವನೇ ಹ್ಯಾಟು ತೆಗೆದು ಕೈಯಲ್ಲಿ ಹಿಡಿಯುತ್ತಾನೆ. ಅತ್ತಿತ್ತ ನೋಡುತ್ತಾನೆ. ಆಮೇಲೆ ನಿಧಾನವಾಗಿ ಮೆಟ್ಟಿಲು ಹತ್ತುತ್ತಾನೆ. ಮೇಲೆ ಏನು ಕಾದಿದೆ ಅಂತ ಆ ಸಿನಿಮಾ ನೋಡಿದವರಿಗೆಲ್ಲ ಗೊತ್ತು. ನೋಡದವರಿಗೆ ನಾನು ಹೇಳುವುದಿಲ್ಲ ಅನ್ನಬಹುದಿತ್ತು, ಆದರೆ ಆ ಗುಟ್ಟು ಹೊರಬಿದ್ದು ಅರವತ್ತು ವರ್ಷದ ಮೇಲಾಯಿತು: ಅಲ್ಲಿ ಅವನ ಕೊಲೆ ಆಗುತ್ತದೆ.

ಆ ದೃಶ್ಯದ ಒಂದು ಭಾಗವನ್ನು ಚಿತ್ರೀಕರಿಸಬೇಕಿದ್ದ ದಿನ ಹಿಚ್‌ಕಾಕ್‌ಗೆ ಜ್ವರ. ಅವರು ಸೆಟ್ಟಿಗೆ ಬರಲಿಲ್ಲ. ವಿನ್ಯಾಸಕಾರ ಸಾಲ್ ಬಾಸ್ ಬರೆದಿಟ್ಟಿದ್ದ ಚಿತ್ರಗಳನ್ನು ನೋಡಿಕೊಂಡು ಸಹಾಯಕರೇ ಶೂಟ್ ಮಾಡಿದರು. ಮೆಟ್ಟಿಲಿನ ಪಕ್ಕದ ಕಂಬಿಯ ಮೇಲೆ ಜಾರುವ ಕೈ. ಕಂಬಿಗಳ ಸಂದಿಯಲ್ಲಿ ಕಾಣುವ ಪಾದ. ನೋಡೋಕೆ ಚೆನ್ನಾಗಿಯೇ ಇದ್ದವಂತೆ. ಆದರೆ ಹಿಚ್‌ಕಾಕ್ ಅವನ್ನು ಬೇಡ ಅಂದರು. ಯಾಕೆ ಅಂತ ಮುಂದೆ ಫ್ರೆಂಚ್ ನಿರ್ದೇಶಕ ತ್ರುಫೊ ಜೊತೆಗಿನ ಸಂದರ್ಶನದಲ್ಲಿ ಹೇಳಿದ್ದಾರೆ. ಕೈ ಬೇರೆ, ಕಾಲು ಬೇರೆ ತೋರಿಸಿದರೆ ಅವನೇ ಏನೋ ಕೆಟ್ಟದ್ದು ಮಾಡಲು ಹೊರಟವನ ಹಾಗೆ ಕಾಣುತ್ತಾನೆ. ಕೊಲೆಗಾರನಾಗಿದ್ದರೆ ಅದು ಸರಿ. ಇವನು ಏನೂ ಅರಿಯದವನು. ಮೆಟ್ಟಿಲು ಹತ್ತುವ ಮನುಷ್ಯನನ್ನು ಸುಮ್ನೆ ಹತ್ತುವ ಹಾಗೇ ತೋರಿಸಬೇಕು. ಅದಕ್ಕೇ ಒಂದೇ ಸರಳ ಶಾಟಿನಲ್ಲಿ ಅದನ್ನು ತೆಗೆದರು.

ಹಾಗೆ ‘ಸುಮ್ನೆ’ ಹತ್ತಿದವರು ಮಾರ್ಟಿನ್ ಬಾಲ್ಸಮ್. ಅವರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಮಾರ್ಲನ್ ಬ್ರ್ಯಾಂಡೊ ಬಗ್ಗೆ ಬರೆಯುತ್ತೇವೆ, ಅಲ್ ಪಚಿನೊ ಬಗ್ಗೆ ಬರೆಯುತ್ತೇವೆ. ಆದರೆ ಆ ಕಾಲದ ಅಮೆರಿಕನ್ ಸಿನಿಮಾ ನೋಡುತ್ತಾ ಹೋದರೆ ಅಲ್ಲಿ ಇಲ್ಲಿ ಎಲ್ಲ ಕಡೆ ಈ ಮನುಷ್ಯ ಸಿಗುತ್ತಾರೆ. ಗಿಡ್ಡನೆ ಆಳು, ದುಂಡು ಮುಖ, ತೆಳ್ಳಗಾಗುತ್ತಿರುವ ಕೂದಲು, ಕೋಟು, ಟೈ. ಏನೋ ಒಂದು ಜವಾಬ್ದಾರಿ ಹೊತ್ತವರು. ನನಗಂತೂ ಅವರು ಬಂದ ಕೂಡಲೇ ಈ ಕಥೆ ನಿಜ ಅನ್ನಿಸಿಬಿಡುತ್ತದೆ. ಅದು ಹೇಗೆ ಅನ್ನೋದೇ ನಾನು ಇಲ್ಲಿ ಹಿಡಿಯಲು ಹೊರಟಿರುವ ವಿಷಯ.

ಸಂಕ್ಷಿಪ್ತವಾಗಿ ಹಿನ್ನೆಲೆ ಹೇಳಿಬಿಡುತ್ತೇನೆ. 1919ರ ನವೆಂಬರ್ 4ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಯಹೂದಿ ಕುಟುಂಬದಲ್ಲಿ ಹುಟ್ಟಿದರು. ಅಪ್ಪನದು ಹೆಂಗಸರ ಉಡುಪಿನ ವ್ಯಾಪಾರ. ಡಿವಿಟ್ ಕ್ಲಿಂಟನ್ ಹೈಸ್ಕೂಲಿನ ನಾಟಕ ತಂಡದಲ್ಲಿ ನಟನೆಯ ರುಚಿ ಹತ್ತಿತು. ಆಮೇಲೆ ನ್ಯೂಯಾರ್ಕಿನ ‘ನ್ಯೂ ಸ್ಕೂಲ್’ ಅನ್ನೋ ವಿದ್ಯಾಸಂಸ್ಥೆಯಲ್ಲಿ ಕಲಿಕೆ. ಜರ್ಮನಿಯಿಂದ ಬಂದ ಎರ್ವಿನ್ ಪಿಸ್ಕಾಟರ್ ಅಲ್ಲಿ ನಾಟಕದ ಮೇಷ್ಟ್ರು. 1941ರಲ್ಲಿ ‘ಘೋಸ್ಟ್ ಫಾರ್ ಸೇಲ್’ ಅನ್ನೋ ನಾಟಕದಿಂದ ನ್ಯೂಯಾರ್ಕಿನ ವೃತ್ತಿರಂಗಭೂಮಿಯಾದ ಬ್ರಾಡ್‌ವೇಗೆ ಬಂದರು. ಅಷ್ಟರಲ್ಲಿ ಯುದ್ಧ. ಸೇನೆಯ ವಾಯುಪಡೆಗೆ ಸೇರಿದರು. ವಾಪಸ್ ಬಂದ ಮೇಲೆ ಆಗಷ್ಟೇ ಶುರುವಾಗಿದ್ದ, ನಟರನ್ನು ಪಳಗಿಸುವ ಆಕ್ಟರ್ಸ್ ಸ್ಟುಡಿಯೊ ಸೇರಿಕೊಂಡರು. ನಿರ್ದೇಶಕ ಎಲಿಯಾ ಕಜಾನ್, ನಟನೆಯ ಮೇಷ್ಟ್ರು ಲೀ ಸ್ಟ್ರಾಸ್‌ಬರ್ಗ್ ಇದ್ದ ಜಾಗ ಅದು. ಬ್ರ್ಯಾಂಡೊನಿಂದ ಹಿಡಿದು ಎಷ್ಟೋ ದೊಡ್ಡ ಹೆಸರುಗಳು ಅಲ್ಲಿ ಓಡಾಡಿದ್ದವು.

ಆಕ್ಟರ್ಸ್ ಸ್ಟುಡಿಯೊ ಅಂದರೆ ನಮಗೆ ನೆನಪಾಗುವುದು ಒಳಗೇ ಕುದಿಯುವ, ಒಮ್ಮೆಲೇ ಸಿಡಿಯುವ ನಟನೆ. ಬಾಲ್ಸಮ್ ಅದೇ ಶಾಲೆಯಿಂದ ಬೇರೆಯದೇ ಪಾಠ ಕಲಿತಂತೆ ಕಾಣುತ್ತದೆ. ಎದುರಿಗಿರುವವನ ಮಾತು ಕೇಳಿಸಿಕೊಳ್ಳುವ ಪಾಠ ಅದು. ಕಜಾನ್ ಅವರ ‘ಆನ್ ದಿ ವಾಟರ್‌ಫ್ರಂಟ್’ನಲ್ಲಿ (1954) ಅವರಿಗೆ ಸಿಕ್ಕಿದ್ದು ಚಿಕ್ಕ ಪಾತ್ರ. ಹಡಗುಕಟ್ಟೆಯ ಅಪರಾಧಗಳ ವಿಚಾರಣೆಗೆ ಬರುವ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ. ಟೈಟಲ್ ಕಾರ್ಡಿನಲ್ಲಿ ಹೆಸರೂ ಇಲ್ಲ. ಆ ವರ್ಷಗಳಲ್ಲಿ ಅವರ ಹೊಟ್ಟೆಪಾಡು ನಡೆಯುತ್ತಿದ್ದದ್ದು ಜಾಸ್ತಿ ಮಟ್ಟಿಗೆ ನಾಟಕ ಮತ್ತು ಟಿವಿಯಿಂದ. ನ್ಯೂಯಾರ್ಕಿನಲ್ಲಿ ಆಗ ಟಿವಿ ನಾಟಕಗಳು ನೇರ ಪ್ರಸಾರ ಆಗುತ್ತಿದ್ದವು. ತಪ್ಪಿದರೆ ತಿದ್ದಲು ಎರಡನೇ ಟೇಕ್ ಇಲ್ಲ. ಕ್ಯಾಮೆರಾ ಮೂಗಿನ ಮುಂದೆಯೇ ಇರುತ್ತದೆ, ಹಾಗಾಗಿ ರಂಗಭೂಮಿಯ ಏರುದನಿಯೂ ಅಲ್ಲಿ ನಡೆಯದು. ಬಾಲ್ಸಮ್ ಅವರ ಆ ಹದವಾದ ದನಿ, ಕಣ್ಣಿನ ಕೆಲಸ ಅಲ್ಲೇ ಪಳಗಿದ್ದು ಅಂತ ನನಗೆ ಅನ್ನಿಸುತ್ತದೆ.

ಸಿಡ್ನಿ ಲುಮೆಟ್ ಕೂಡ ಅದೇ ನೇರ ಪ್ರಸಾರದ ಟಿವಿಯಿಂದ ಬಂದವರು. ಅವರ ಮೊದಲ ಸಿನಿಮಾ ‘ಟ್ವೆಲ್ವ್ ಆಂಗ್ರಿ ಮೆನ್’, 1957. ನಮ್ಮಲ್ಲಿ ಈ ಕಥೆ ಗೊತ್ತಿರುವವರು ಬಹಳ. ಹಿಂದಿಯಲ್ಲಿ ‘ಏಕ್ ರುಕಾ ಹುವಾ ಫೈಸ್ಲಾ’ ಆಗಿ ಬಂತು, ಕನ್ನಡದಲ್ಲಿ 2012ರಲ್ಲಿ ‘ದಶಮುಖ’ ಆಯಿತು. ಹನ್ನೆರಡು ಜನ ಜ್ಯೂರಿಗಳು, ಅಂದರೆ ಕೊಲೆ ಮೊಕದ್ದಮೆಯಲ್ಲಿ ಆರೋಪಿ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸಬೇಕಾದ ಸಾಮಾನ್ಯ ಜನ. ಒಂದು ಕೋಣೆ, ಸೆಕೆ, ಒಬ್ಬ ಹುಡುಗನ ಜೀವ. ಈ ಸಿನಿಮಾ ಅಂದ ಕೂಡಲೇ ಎಲ್ಲರೂ ಮಾತಾಡೋದು ಒಬ್ಬನೇ ಎದುರು ನಿಲ್ಲುವ ಹೆನ್ರಿ ಫಾಂಡಾ ಬಗ್ಗೆ, ಇಲ್ಲವೇ ಕೊನೆಗೆ ಕುಸಿಯುವ ಲೀ ಜೆ. ಕಾಬ್ ಬಗ್ಗೆ. ನಾನು ಒಂದನೇ ನಂಬರಿನ ಜ್ಯೂರಿಯ ಬಗ್ಗೆ ಮಾತಾಡಬೇಕು.

ಅವನು ಫೋರ್‌ಮನ್. ಅಂದರೆ ಸಭೆ ನಡೆಸುವವನು. ಹೈಸ್ಕೂಲೊಂದರಲ್ಲಿ ಫುಟ್‌ಬಾಲ್ ತಂಡದ ಸಹಾಯಕ ಕೋಚ್. ಯಾರು ಎಲ್ಲಿ ಕೂರಬೇಕು, ಯಾವ ಕ್ರಮದಲ್ಲಿ ಮಾತಾಡಬೇಕು, ಚೀಟಿ ಹಂಚುವುದು, ಓಟು ಎಣಿಸುವುದು ಎಲ್ಲ ಅವನದೇ. ಅವನಿಗೆ ಬುದ್ಧಿವಂತಿಕೆಯ ವಾದಗಳಿಲ್ಲ. ಹತ್ತನೇ ಜ್ಯೂರಿ ಒಂದು ಸಲ ಅವನ ಮೇಲೆ ರೇಗುತ್ತಾನೆ, ಚಿಕ್ಕ ಮಕ್ಕಳ ಹಾಗೆ ಆಡಬೇಡ ಅನ್ನೋ ಧಾಟಿಯಲ್ಲಿ. ಫೋರ್‌ಮನ್‌ಗೆ ಅದು ನಾಟುತ್ತದೆ. ಎದ್ದು ನಿಂತು, ತಗೋ, ಈ ಕುರ್ಚಿ ನೀನೇ ತಗೋ, ಈ ತಲೆನೋವು ನೀನೇ ಹೊತ್ಕೊ ಅನ್ನುತ್ತಾನೆ. ಉಳಿದವರು ಸಮಾಧಾನ ಮಾಡುತ್ತಾರೆ. ಅವನು ಮುಖ ದಪ್ಪ ಮಾಡಿಕೊಂಡೇ ಕೂರುತ್ತಾನೆ.

ಅಪಾರ್ಟ್‌ಮೆಂಟ್ ಸಂಘ, ಗಣೇಶೋತ್ಸವ ಸಮಿತಿ, ಹಳೇ ವಿದ್ಯಾರ್ಥಿಗಳ ಸಭೆ, ಯಾವುದನ್ನೇ ಆದರೂ ನಡೆಸಿದವರಿಗೆ ಈ ಮುನಿಸು ಚೆನ್ನಾಗಿ ಗೊತ್ತು. ಸಂಬಳ ಇಲ್ಲ, ಹೆಸರಿಲ್ಲ. ಯಾರೋ ಒಬ್ಬರು ಮಾಡಬೇಕು ಅಂತ ನಾವು ಮಾಡುತ್ತಿರುತ್ತೇವೆ. ಅದನ್ನೇ ಒಬ್ಬ ಎದ್ದು ಆಡಿಕೊಂಡರೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಬಾಲ್ಸಮ್ ಆ ಸಿಟ್ಟನ್ನು ದೊಡ್ಡದು ಮಾಡುವುದಿಲ್ಲ. ದನಿ ಸ್ವಲ್ಪ ಏರುತ್ತದೆ, ಅಷ್ಟೇ. ಆದರೆ ಆ ಸಿಟ್ಟಿನ ಕೆಳಗೆ ಇರುವ ಅಳುಕು ಕಾಣುತ್ತದೆ: ನಾನು ಈ ಕೆಲಸಕ್ಕೆ ಸಾಕಾಗ್ತಿಲ್ವಾ?

ಅದಕ್ಕಿಂತ ನನಗೆ ಇಷ್ಟವಾದದ್ದು ಮಳೆ ಬರುವ ಹೊತ್ತಿನ ಮಾತು. ಸೆಕೆ ತಾಳಲಾರದೆ ಎಲ್ಲರೂ ಒದ್ದಾಡುತ್ತಿದ್ದಾಗ ಹೊರಗೆ ಜೋರು ಮಳೆ ಹಿಡಿಯುತ್ತದೆ. ಫೋರ್‌ಮನ್ ಕಿಟಕಿ ಹತ್ತಿರ ಫಾಂಡಾ ಪಕ್ಕ ನಿಂತು ಹಳೇ ಪಂದ್ಯವೊಂದನ್ನು ನೆನೆಸಿಕೊಳ್ಳುತ್ತಾನೆ. ತಂಡ ಹಿಂದೆ ಬಿದ್ದಿತ್ತು, ಒಬ್ಬ ಗಟ್ಟಿ ಹುಡುಗ ಆಗಷ್ಟೇ ಎದುರಾಳಿಗಳನ್ನು ಭೇದಿಸಿ ಮುಂದೆ ನುಗ್ಗಲು ಶುರು ಮಾಡಿದ್ದ, ಅಷ್ಟರಲ್ಲಿ ಮಳೆ ಸುರಿಯಿತು, ಮೈದಾನ ಕೆಸರಾಯಿತು, ಒಂದಡಿ ಮುಂದೆ ಹೋಗಲಾಗಲಿಲ್ಲ, ಅಳುವೇ ಬಂದುಬಿಟ್ಟಿತ್ತು. ಮೊಕದ್ದಮೆಗೂ ಇದಕ್ಕೂ ಸಂಬಂಧವೇ ಇಲ್ಲ. ಕಥೆ ಇದರಿಂದ ಒಂದಿಂಚೂ ಮುಂದೆ ಹೋಗುವುದಿಲ್ಲ. ಆದರೂ ಈ ಮಾತನ್ನು ತೆಗೆದುಹಾಕಿದರೆ ಆ ಕೋಣೆಯಲ್ಲಿ ಕೂತವರು ಬರೀ ಹನ್ನೆರಡು ಅಭಿಪ್ರಾಯಗಳಾಗಿ ಉಳಿಯುತ್ತಾರೆ ಅಂತ ನನ್ನ ಅನಿಸಿಕೆ. ಯಾರದೋ ಮಕ್ಕಳ ಪಂದ್ಯ ಸೋತದ್ದಕ್ಕೆ ವರ್ಷಗಳಾದ ಮೇಲೂ ಹೊಟ್ಟೆಯುರಿ ಪಡುವ ಮನುಷ್ಯ ಅವನು. ಅಂಥವನ ಕೈಯಲ್ಲಿ ಒಬ್ಬ ಹುಡುಗನ ಜೀವ ಇದೆ ಅಂತ ನಮಗೆ ಥಟ್ಟನೆ ಹೊಳೆಯುತ್ತದೆ.

ಆಮೇಲೆ ಬರುವ ಓಟಿನಲ್ಲಿ ಅವನು ಎತ್ತಿದ ಕೈಗಳನ್ನು ಎಣಿಸುತ್ತಾ ಹೋಗುತ್ತಾನೆ. ಎಣಿಸಿ, ಎಣಿಸಿ, ಕಡೆಗೆ ತನ್ನ ಕೈಯನ್ನೂ ಎತ್ತುತ್ತಾನೆ. ‘ನಿರಪರಾಧಿ’ ಅನ್ನೋ ಪಕ್ಷಕ್ಕೆ. ಭಾಷಣ ಇಲ್ಲ, ಕಾರಣ ಕೊಡುವುದಿಲ್ಲ. ಆ ಕೈ ಮೇಲೇಳುವ ರೀತಿಯಲ್ಲಿ ಇಷ್ಟು ಹೊತ್ತು ಅವನು ಎಲ್ಲರ ಮಾತನ್ನೂ ಕೇಳಿಸಿಕೊಂಡಿದ್ದ ಅನ್ನೋದು ಗೊತ್ತಾಗುತ್ತದೆ.

ನಾನು ಹವ್ಯಾಸಿ ತಂಡವೊಂದರಲ್ಲಿ ವರ್ಷಗಟ್ಟಲೆ ಚಿಕ್ಕ ಪಾತ್ರಗಳನ್ನೇ ಮಾಡಿದವನು. ದಿವಾನ, ಗುಮಾಸ್ತ, ಪಕ್ಕದ ಮನೆಯವನು, ಹೀಗೆ. ಆ ಅನುಭವದಿಂದ ಹೇಳುತ್ತೇನೆ, ರಂಗದ ಮೇಲೆ ಮಾತಿಲ್ಲದೆ ನಿಲ್ಲೋದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಕೈ ಎಲ್ಲಿಡಬೇಕು ಗೊತ್ತಾಗುವುದಿಲ್ಲ. ನಾಯಕ ಮಾತಾಡುತ್ತಿರುತ್ತಾನೆ, ಆ ಮಾತು ನಮಗೆ ತಾಲೀಮಿನಲ್ಲಿ ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ. ಅದನ್ನು ಈಗಷ್ಟೇ ಕೇಳಿದವರ ಹಾಗೆ ಕೇಳಬೇಕು. ಕೇಳುವ ನಟನೆ ಮಾಡಿದರೆ ಮುಗಿಯಿತು, ಮೂರನೇ ಸಾಲಿನಲ್ಲಿ ಕೂತವರಿಗೂ ಸುಳ್ಳು ಗೊತ್ತಾಗುತ್ತದೆ. ನಿಜವಾಗಿಯೇ ಕೇಳಬೇಕು. ನಮ್ಮ ತಂಡದ ಹಿರಿಯರೊಬ್ಬರು ಈ ಒಂದು ವಿಷಯಕ್ಕೆ ನಮ್ಮನ್ನು ಬೈದಷ್ಟು ಇನ್ಯಾವುದಕ್ಕೂ ಬೈದಿಲ್ಲ. ಬಾಲ್ಸಮ್ ಅವರ ಯಾವುದೇ ಸಿನಿಮಾದಲ್ಲಿ ಅವರಿಗೆ ಮಾತಿಲ್ಲದ ಹೊತ್ತನ್ನು ನೋಡಿ. ಆ ಮುಖದಲ್ಲಿ ಎದುರಿನವರ ಮಾತು ಇಳಿಯುತ್ತಿರುವುದು ಕಾಣುತ್ತದೆ.

ಮತ್ತೆ ‘ಸೈಕೋ’ಗೆ ಬರುತ್ತೇನೆ. ಮೆಟ್ಟಿಲಿಗೂ ಮುಂಚೆ ಮೋಟೆಲಿನ ಕೌಂಟರಿನಲ್ಲಿ ನಡೆಯುವ ವಿಚಾರಣೆ ಇದೆಯಲ್ಲ, ಅದು ಇಬ್ಬರು ನಟರು ಸೇರಿ ಮಾಡಿದ ಒಂದು ದೊಡ್ಡ ಕೆಲಸ. ಆಂಟನಿ ಪರ್ಕಿನ್ಸ್ ಮಾಡಿದ, ಮೋಟೆಲ್ ನಡೆಸುವ ನಾರ್ಮನ್ ಬೇಟ್ಸ್, ಬಾಯಲ್ಲಿ ಏನೋ ಅಗಿಯುತ್ತಾ, ಸಲೀಸಾಗಿ ಮಾತಾಡುತ್ತಾ ಶುರು ಮಾಡುತ್ತಾನೆ. ಅರ್ಬೊಗ್ಯಾಸ್ಟ್ ಬೆದರಿಸುವುದಿಲ್ಲ. ಸ್ನೇಹಿತನ ಹಾಗೇ ಕೇಳುತ್ತಾನೆ. ಲೆಡ್ಜರ್ ತೋರಿಸಪ್ಪಾ ಅಂತಾನೆ, ತನ್ನ ಬಳಿ ಇರುವ ಕೈಬರಹದ ಜೊತೆ ಹೋಲಿಸುತ್ತಾನೆ. ಒಂದು ಉತ್ತರದಲ್ಲಿ ಸಿಕ್ಕ ಎಳೆಯನ್ನು ಬಿಡದೆ ಇನ್ನೊಂದು ಪ್ರಶ್ನೆ. ಇಬ್ಬರ ಮಾತು ಒಂದರ ಮೇಲೊಂದು ಬೀಳುತ್ತದೆ, ತಡವರಿಸುತ್ತದೆ, ವಾಪಸ್ ಬರುತ್ತದೆ. ನಾರ್ಮನ್ ತೊದಲಲು ಶುರು ಮಾಡುತ್ತಾನೆ. ಅಲ್ಲಿಯವರೆಗೆ ನಾವು ನಾರ್ಮನ್ ಮೇಲೆ ಮರುಕ ಇಟ್ಟುಕೊಂಡಿದ್ದವರು. ಈಗ ಮನಸ್ಸು ಇತ್ತ ಅರ್ಬೊಗ್ಯಾಸ್ಟ್ ಕಡೆಗೂ ವಾಲುತ್ತದೆ. ಇವನು ಹುಷಾರಿ, ಇವನು ಕಂಡುಹಿಡಿಯುತ್ತಾನೆ ಅಂತ ಧೈರ್ಯ ಬರುತ್ತದೆ. ಆ ಧೈರ್ಯವೇ ಆಮೇಲೆ ಮೆಟ್ಟಿಲ ಮೇಲಿಂದ ಉರುಳಿ ಬೀಳುವುದು.

ಬೀಳುವುದನ್ನು ತೆಗೆದ ರೀತಿಯನ್ನೂ ಹೇಳಲೇಬೇಕು. ಮೊದಲು ಮನುಷ್ಯನೇ ಇಲ್ಲದೆ ಬರೀ ಮೆಟ್ಟಿಲ ಮೇಲಿಂದ ಕ್ಯಾಮೆರಾ ಕೆಳಗಿಳಿಯುವ ಶಾಟ್ ತೆಗೆದರು. ಆಮೇಲೆ ಆ ದೃಶ್ಯವನ್ನು ಪರದೆಯ ಮೇಲೆ ಬಿಟ್ಟು, ಅದರ ಮುಂದೆ ಬಾಲ್ಸಮ್ ಅವರನ್ನು ಒಂದು ವಿಶೇಷ ಕುರ್ಚಿಯಲ್ಲಿ ಕೂರಿಸಿದರು. ಅವರು ಮಾಡಬೇಕಾದದ್ದು ಆಯ ತಪ್ಪಿದವರ ಹಾಗೆ ಕೈ ಬೀಸುವುದು ಮಾತ್ರ. ಅಂದರೆ ಆ ಹೆಸರಾಂತ ಬೀಳುವಿಕೆ ಒಬ್ಬ ನಟ ಕುರ್ಚಿಯಲ್ಲಿ ಕೂತು ಮಾಡಿದ್ದು! ನಾವು ನೋಡುವುದು ಕೈಯನ್ನಲ್ಲ, ಮುಖವನ್ನು. ಅಲ್ಲಿ ನೋವಿಗಿಂತ ಮೊದಲು ಕಾಣುವುದು ನಂಬಲಾಗದ ಅಚ್ಚರಿ. ನನ್ನ ಪಾಡಿಗೆ ನಾನು ಕೆಲಸ ಮಾಡ್ತಿದ್ದೆ, ಇದೇನಾಯ್ತು ಅನ್ನೋ ಅಚ್ಚರಿ.

1960ರ ದಶಕದ ಮೊದಲ ಭಾಗದಲ್ಲಿ ಅವರಿಗೆ ಬಿಡುವೇ ಇರಲಿಲ್ಲ. ‘ಬ್ರೇಕ್‌ಫಾಸ್ಟ್ ಅಟ್ ಟಿಫನೀಸ್’ನಲ್ಲಿ (1961) ಹಾಲಿವುಡ್ ಏಜೆಂಟ್. ‘ಕೇಪ್ ಫಿಯರ್’ನಲ್ಲಿ (1962) ಪೊಲೀಸ್ ಮುಖ್ಯಸ್ಥ. ‘ಸೆವೆನ್ ಡೇಸ್ ಇನ್ ಮೇ’ಯಲ್ಲಿ (1964) ಅಧ್ಯಕ್ಷರ ನಂಬಿಗಸ್ತ ಸಹಾಯಕ. ಸೇನೆಯ ಕ್ಷಿಪ್ರಕ್ರಾಂತಿ ತಡೆಯಲು ಬೇಕಾದ ಒಂದು ಸಹಿ ಮಾಡಿದ ಕಾಗದ ತರಲು ದೂರ ಹೋಗಿ, ವಾಪಸ್ ಬರುವಾಗ ವಿಮಾನ ಅಪಘಾತದಲ್ಲಿ ಸಾಯುತ್ತಾನೆ. ಹೆಂಡತಿಯ ಜೊತೆ ಒಂದು ದೃಶ್ಯ ಇಲ್ಲ, ಬಾಲ್ಯದ ನೆನಪಿಲ್ಲ, ಏನೂ ಇಲ್ಲ. ಆದರೂ ಅವನು ಸತ್ತ ಸುದ್ದಿ ಬಂದಾಗ ಎದೆ ಧಸಕ್ಕನ್ನುತ್ತದೆ.

ಇಷ್ಟಕ್ಕೆಲ್ಲ ಕಿರೀಟ ಇಟ್ಟ ಹಾಗೆ ಬಂದದ್ದು 1965ರ ‘ಎ ಥೌಸಂಡ್ ಕ್ಲೌನ್ಸ್’. ಹರ್ಬ್ ಗಾರ್ಡ್ನರ್ ಬರೆದ ಬ್ರಾಡ್‌ವೇ ನಾಟಕ ಅದು, ಚಿತ್ರಕಥೆಯೂ ಅವರದೇ. ನಿರ್ದೇಶಕ ಫ್ರೆಡ್ ಕೋ. ಜೇಸನ್ ರೊಬಾರ್ಡ್ಸ್ ಮಾಡಿದ ಮರ್ರೆ ಬರ್ನ್ಸ್ ಟಿವಿಯ ಮಕ್ಕಳ ಕಾರ್ಯಕ್ರಮಕ್ಕೆ ಬರೆಯುತ್ತಿದ್ದವನು, ಬೇಸರ ಬಂದು ಕೆಲಸ ಬಿಟ್ಟಿದ್ದಾನೆ. ಜೊತೆಗೆ ಸಾಕಿಕೊಂಡಿರುವ ಸೋದರಳಿಯ. ಮರ್ರೆ ಕೆಲಸಕ್ಕೆ ಸೇರದಿದ್ದರೆ ಮಕ್ಕಳ ಕಲ್ಯಾಣದವರು ಹುಡುಗನನ್ನು ಕರೆದುಕೊಂಡು ಹೋಗುತ್ತಾರೆ. ಮರ್ರೆ ಬಲು ಮಾತುಗಾರ, ಖುಷಿಯ ಮನುಷ್ಯ, ಊರಿನ ಲೆಕ್ಕಾಚಾರಕ್ಕೆ ಸಿಗದವನು. ನೋಡುವ ನಾವೆಲ್ಲ ಅವನ ಪಕ್ಷ.

ಬಾಲ್ಸಮ್ ಮಾಡಿದ್ದು ಅವನ ಅಣ್ಣ ಆರ್ನಲ್ಡ್. ತಮ್ಮನಿಗೆ ಏಜೆಂಟ್ ಕೂಡ ಹೌದು. ತಮ್ಮನ ಮನೆಗೆ ಹಣ್ಣು ತಂದುಕೊಡುವವನು, ತಮ್ಮನಿಗೆ ಕೆಲಸ ಹುಡುಕಿ ಹುಡುಕಿ ಸಾಕಾದವನು. ಕಥೆಯ ತುಂಬ ಅವನು ರಾಜಿಯ ಮನುಷ್ಯ, ಹಾಗಾಗಿ ನಮಗೂ ಅವನ ಬಗ್ಗೆ ಸ್ವಲ್ಪ ಅಸಡ್ಡೆ. ಕೊನೆಗೊಂದು ಹಂತದಲ್ಲಿ ಅವನು ಬಾಯಿ ಬಿಡುತ್ತಾನೆ. ನೀನು ನನಗೆ ಬೆಲೆ ಕೊಡಲ್ಲ, ಅದು ನನಗೆ ಬಹಳ ದಿನದಿಂದ ಗೊತ್ತು ಅಂತ ಶುರು ಮಾಡುತ್ತಾನೆ. ನಿನಗೆ ವೀರ ಆಗಬೇಕು. ನನಗೆ ಇರುವ ಲೋಕದ ಜೊತೆಗೇ ಏಗಬೇಕು. ನನಗೆ ಹೆಂಡತಿ ಮಕ್ಕಳಿದ್ದಾರೆ. ಒಂದಿಷ್ಟು ಸುಳ್ಳು ಹೇಳುತ್ತೇನೆ, ಒಂದಿಷ್ಟು ಬಗ್ಗುತ್ತೇನೆ. ಬಗ್ಗೋದು ನನಗೆ ಬಂದ ವಿದ್ಯೆ. ಆದರೆ ನಾನು ಕೆಟ್ಟವನು ಅಂತ ಒಪ್ಪಿಸೋಕೆ ನಿನ್ನಿಂದ ಆಗೋದಿಲ್ಲ. ನಾನು ಆಗಬಹುದಾದ ಅತ್ಯುತ್ತಮ ಆರ್ನಲ್ಡ್ ಬರ್ನ್ಸ್ ನಾನು, ಅದಕ್ಕೆ ಹೆಮ್ಮೆ ಇದೆ. ಇದು ಆ ಮಾತಿನ ಸಾರ ಮಾತ್ರ.

ಈ ಮಾತನ್ನು ಆಡುವಾಗ ಬಾಲ್ಸಮ್ ಕರುಣೆ ಬೇಡುವುದಿಲ್ಲ. ಅಲ್ಲೇ ಎಷ್ಟೋ ನಟರು ಎಡವುತ್ತಿದ್ದರು. ಕಣ್ಣು ತೇವ ಮಾಡಿಕೊಂಡು, ಗಂಟಲು ಕಟ್ಟಿಸಿಕೊಂಡು, ಚಪ್ಪಾಳೆಯ ಕಡೆಗೆ ನಡೆಯುತ್ತಿದ್ದರು. ಬಾಲ್ಸಮ್ ಲೆಕ್ಕ ಒಪ್ಪಿಸುವವರ ಹಾಗೆ ನೇರವಾಗಿ ಹೇಳುತ್ತಾರೆ. ತಮ್ಮನ ಮೇಲಿನ ಪ್ರೀತಿಯೂ ಅದರಲ್ಲಿದೆ, ತನ್ನ ಬಗೆಗಿನ ಮರ್ಯಾದೆಯೂ ಇದೆ. ಮಾತು ಮುಗಿಯುವ ಹೊತ್ತಿಗೆ ಸಿನಿಮಾದ ತಕ್ಕಡಿ ವಾಲಿರುತ್ತದೆ. ಅಲ್ಲಿಯವರೆಗೆ ಮರ್ರೆಯ ಜೊತೆ ನಗುತ್ತಿದ್ದ ನಾವು, ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಕೆಲಸಕ್ಕೆ ಹೋಗಿ ಮನೆ ನಡೆಸಿದ ನಮ್ಮ ಮನೆಯ ಹಿರಿಯರನ್ನು ನೆನೆಸಿಕೊಳ್ಳುತ್ತೇವೆ. ನಾನಂತೂ ನಮ್ಮ ದೊಡ್ಡಪ್ಪನನ್ನು ನೆನೆಸಿಕೊಂಡೆ. ಅವರಿಗೂ ಒಬ್ಬ ಮಾತುಗಾರ ತಮ್ಮ ಇದ್ದರು. ಊರಿಗೆಲ್ಲ ಆ ತಮ್ಮನನ್ನು ಕಂಡರೆ ಇಷ್ಟ. ಆ ತಮ್ಮನ ಮಕ್ಕಳ ಸ್ಕೂಲ್ ಫೀಸು ಕಟ್ಟಿದ್ದು ದೊಡ್ಡಪ್ಪ.

ಈ ಪಾತ್ರಕ್ಕೆ ಬಾಲ್ಸಮ್ ಅವರಿಗೆ ಪೋಷಕ ನಟನ ಆಸ್ಕರ್ ಬಂತು. 1966ರ ಏಪ್ರಿಲ್‌ನಲ್ಲಿ ಸಮಾರಂಭ. ಟಾಮ್ ಕೋರ್ಟನೆ, ಇಯನ್ ಬ್ಯಾನನ್, ಮೈಕಲ್ ಡನ್, ಫ್ರ್ಯಾಂಕ್ ಫಿನ್ಲೆ ಸ್ಪರ್ಧೆಯಲ್ಲಿದ್ದರು. ಅಷ್ಟು ದೀರ್ಘ ವೃತ್ತಿಯಲ್ಲಿ ಆಸ್ಕರ್‌ಗೆ ಅವರ ಹೆಸರು ಹೋದದ್ದು ಅದೊಂದೇ ಸಲ. ಆ ಒಂದೇ ಸಲಕ್ಕೆ ಗೆದ್ದರು.

ಪ್ರಶಸ್ತಿ ಬಂದ ಮೇಲೂ ನಾಟಕ ಬಿಡಲಿಲ್ಲ ಅನ್ನೋದು ನನಗೆ ಆಸ್ಕರ್‌ಗಿಂತ ಜಾಸ್ತಿ ಹಿಡಿಸಿದ ವಿಷಯ. 1967ರಲ್ಲಿ ರಾಬರ್ಟ್ ಆಂಡರ್ಸನ್ ಬರೆದ, ಹೆಸರೇ ಒಂದು ಸಾಲುದ್ದ ಇರುವ ‘ಯು ನೋ ಐ ಕಾಂಟ್ ಹಿಯರ್ ಯು ವೆನ್ ದಿ ವಾಟರ್ಸ್ ರನ್ನಿಂಗ್’ ಬ್ರಾಡ್‌ವೇಗೆ ಬಂತು. ನಾಲ್ಕು ಕಿರುನಾಟಕಗಳ ಗೊಂಚಲು. ಅದರಲ್ಲಿ ಅವರು ಒಂದಕ್ಕಿಂತ ಹೆಚ್ಚು ಪಾತ್ರ ಮಾಡಿದರು. 1968ರಲ್ಲಿ ಅದಕ್ಕೆ ಟೋನಿ ಪ್ರಶಸ್ತಿ ಬಂತು. ಪೋಷಕ ನಟ ಅಂತಲ್ಲ, ನಾಟಕದ ಅತ್ಯುತ್ತಮ ನಟ ಅಂತ. ಸಿನಿಮಾದಲ್ಲಿ ಪಕ್ಕದಲ್ಲಿ ನಿಲ್ಲುತ್ತಿದ್ದ ಮನುಷ್ಯ ರಂಗದ ಮೇಲೆ ನಡುವೆ ನಿಂತರು.

ಹೆಚ್ಚುಕಡಿಮೆ ಅದೇ ಕಾಲದ ಇನ್ನೊಂದು ಸಂಗತಿ ಇದೆ. ಸ್ಟ್ಯಾನ್ಲಿ ಕೂಬ್ರಿಕ್ ‘2001: ಎ ಸ್ಪೇಸ್ ಒಡಿಸ್ಸಿ’ ಮಾಡುತ್ತಿದ್ದರು. ಆಕಾಶನೌಕೆಯ ಕಂಪ್ಯೂಟರ್ ಹ್ಯಾಲ್‌ಗೆ ದನಿ ಬೇಕಿತ್ತು. ಬಾಲ್ಸಮ್ ಅವರಿಂದ ದನಿ ಕೊಡಿಸಿದರು, ರೆಕಾರ್ಡಿಂಗ್ ಕೂಡ ಆಯಿತು. ಆಮೇಲೆ ಕೂಬ್ರಿಕ್ ಮನಸ್ಸು ಬದಲಾಯಿಸಿ ಕೆನಡಾದ ರಂಗನಟ ಡಗ್ಲಸ್ ರೇನ್ ಅವರ ದನಿ ಇಟ್ಟುಕೊಂಡರು. 1968ರಲ್ಲಿ ಚಿತ್ರ ಬಂದಾಗ ಜಗತ್ತು ಕೇಳಿದ್ದು ರೇನ್ ಅವರ ಆ ತಣ್ಣನೆಯ ದನಿ. ಬಾಲ್ಸಮ್ ದನಿಯಲ್ಲಿ ಅಮೆರಿಕದ ಆಡುಮಾತಿನ ಧಾಟಿ ಸ್ವಲ್ಪ ಜಾಸ್ತಿ ಆಯಿತು ಅಂತ ಕೂಬ್ರಿಕ್ ಕಾರಣ ಕೊಟ್ಟರು. ಕೂಬ್ರಿಕ್ ಮಾಡಿದ್ದು ಸರಿ. ಹ್ಯಾಲ್ ನಮಗೆ ಭಯ ಹುಟ್ಟಿಸಬೇಕು. ಬಾಲ್ಸಮ್ ದನಿ ಕೇಳಿದರೆ ಆ ಯಂತ್ರಕ್ಕೆ ಮನೆ, ಸಾಲ, ಬೆನ್ನುನೋವು ಎಲ್ಲ ಇದೆ ಅನ್ನಿಸಿಬಿಡುತ್ತಿತ್ತು. ಹಿಚ್‌ಕಾಕ್‌ಗೆ ಯಾವುದು ಬೇಕಿತ್ತೋ ಅದೇ ಕೂಬ್ರಿಕ್‌ಗೆ ಬೇಡವಾಯಿತು. ಇಬ್ಬರೂ ಬಾಲ್ಸಮ್ ಅವರಲ್ಲಿ ಕಂಡದ್ದು ಒಂದೇ ಗುಣ.

1970ರ ದಶಕದ ಸಿನಿಮಾಗಳಲ್ಲಿ ಈ ಗುಣವನ್ನು ನಿರ್ದೇಶಕರು ತರತರವಾಗಿ ಬಳಸಿದರು. ‘ಲಿಟಲ್ ಬಿಗ್ ಮ್ಯಾನ್’ನಲ್ಲಿ (1970) ಊರೂರು ಸುತ್ತಿ ನಕಲಿ ಔಷಧ ಮಾರುವ ಮೆರ್ರಿವೆದರ್. ಸಿಕ್ಕಿಬಿದ್ದಾಗೆಲ್ಲ ಮೈಯ ಒಂದೊಂದು ಭಾಗ ಕಳೆದುಕೊಳ್ಳುತ್ತಾ ಹೋಗುತ್ತಾನೆ, ಉತ್ಸಾಹ ಮಾತ್ರ ಕುಗ್ಗುವುದಿಲ್ಲ. ಅದೇ ವರ್ಷ ‘ಕ್ಯಾಚ್-22’ರಲ್ಲಿ ಕರ್ನಲ್ ಕ್ಯಾತ್‌ಕಾರ್ಟ್. ಇಟಲಿಗೂ ಹೋಗಿ ಅಲ್ಲಿನ ಸಿನಿಮಾಗಳಲ್ಲಿ ನಟಿಸಿದರು. ಡಾಮಿಯಾನೊ ಡಾಮಿಯಾನಿ ನಿರ್ದೇಶನದ 1971ರ ಪೊಲೀಸ್ ಕ್ಯಾಪ್ಟನ್ನನ ಕಥೆಯಲ್ಲಿ ಫ್ರಾಂಕೊ ನೀರೊ ಎದುರು ಮುಖ್ಯ ಪಾತ್ರವೇ ಸಿಕ್ಕಿತು.

1974ರಲ್ಲಿ ಎರಡು ರೈಲುಗಳು. ಲುಮೆಟ್ ಅವರ ‘ಮರ್ಡರ್ ಆನ್ ದಿ ಓರಿಯಂಟ್ ಎಕ್ಸ್‌ಪ್ರೆಸ್’ನಲ್ಲಿ ರೈಲು ಕಂಪನಿಯ ನಿರ್ದೇಶಕ ಬಿಯಾಂಕಿ. ಪತ್ತೇದಾರ ಪೊಯ್ರೊ ಒಬ್ಬೊಬ್ಬರನ್ನೇ ವಿಚಾರಣೆ ಮಾಡಿ ಮುಗಿಸಿದಾಗಲೂ ಬಿಯಾಂಕಿ ಇವನೇ ಕೊಲೆಗಾರ ಅಂತ ಖಚಿತವಾಗಿ ಹೇಳುತ್ತಾನೆ. ನೋಡುತ್ತಾ ಕೂತ ನಾವೂ ಮನಸ್ಸಿನಲ್ಲಿ ಅದನ್ನೇ ಅಂದುಕೊಂಡಿರುತ್ತೇವೆ. ಘಟಾನುಘಟಿ ತಾರೆಯರು ತುಂಬಿದ ಆ ಬೋಗಿಯಲ್ಲಿ ಪ್ರೇಕ್ಷಕರ ಪರವಾಗಿ ಹತ್ತಿದವರು ಬಾಲ್ಸಮ್ ಒಬ್ಬರೇ ಅನ್ನಬಹುದು.

ಇನ್ನೊಂದು ‘ದಿ ಟೇಕಿಂಗ್ ಆಫ್ ಪೆಲ್ಹಮ್ ಒನ್ ಟೂ ತ್ರೀ’. ನ್ಯೂಯಾರ್ಕಿನ ಸುರಂಗ ರೈಲನ್ನು ನಾಲ್ವರು ಅಪಹರಿಸಿ ಹತ್ತು ಲಕ್ಷ ಡಾಲರ್ ಕೇಳುತ್ತಾರೆ. ನಾಲ್ವರಿಗೂ ಬಣ್ಣದ ಹೆಸರು. ಮಿಸ್ಟರ್ ಗ್ರೀನ್ ನಮ್ಮ ಬಾಲ್ಸಮ್. ಕೆಲಸದಿಂದ ತೆಗೆದುಹಾಕಿದ ರೈಲು ಚಾಲಕ. ಮೈಗೆ ಹುಷಾರಿಲ್ಲ, ಜೋರು ಶೀತ, ಪದೇ ಪದೇ ಸೀನುತ್ತಾನೆ. ಕೊನೆಯಲ್ಲಿ ಪಾರಾದವನು ಅವನೊಬ್ಬನೇ. ತನ್ನ ಪುಟ್ಟ ಮನೆಯಲ್ಲಿ ಹಣ ಹರಡಿಕೊಂಡು ಖುಷಿ ಪಡುತ್ತಿರುತ್ತಾನೆ. ಬಾಗಿಲು ಬಡಿಯುತ್ತದೆ. ಪೊಲೀಸರು. ಹಣ ಬಚ್ಚಿಟ್ಟು, ಬೆವರುತ್ತಾ, ನನ್ನ ಮೇಲೆ ಯಾಕ್ರೀ ಅನುಮಾನ ಅಂತ ದಬಾಯಿಸುತ್ತಾನೆ. ಅವರು ಹೊರಗೆ ಹೋಗುತ್ತಾರೆ. ಬಾಗಿಲು ಮುಚ್ಚುತ್ತಲೇ ಅವನು ಸೀನುತ್ತಾನೆ. ಅಪಹರಣಕಾರರ ಜೊತೆ ಮಾತಾಡುವಾಗ ರೇಡಿಯೊದಲ್ಲಿ ಅದೇ ಸೀನಿನ ಸದ್ದು ಕೇಳಿದ್ದ ಪೊಲೀಸ್ ಅಧಿಕಾರಿ, ವಾಲ್ಟರ್ ಮ್ಯಾಥೌ, ಬಾಗಿಲು ಸರಿಸಿ ಇಣುಕುತ್ತಾರೆ. ಸಿನಿಮಾ ಅಲ್ಲಿಗೇ ಮುಗಿಯುತ್ತದೆ. ಅವನು ಸಿಕ್ಕಿಬಿದ್ದದ್ದು ನ್ಯಾಯವೇ. ಆದರೂ ನನಗೆ ಅಯ್ಯೋ ಅನ್ನಿಸಿತು. ಆ ಪಾತ್ರವನ್ನು ಬೇರೆ ಯಾರಾದರೂ ಮಾಡಿದ್ದರೆ ಹಾಗೆ ಅನ್ನಿಸುತ್ತಿರಲಿಲ್ಲ.

ಜೇಸನ್ ರೊಬಾರ್ಡ್ಸ್ ಮತ್ತು ಬಾಲ್ಸಮ್ ಅವರ ಹಾದಿ ಮತ್ತೆ ಮತ್ತೆ ಸೇರಿದ್ದು ಯಾರೂ ಹೆಚ್ಚಾಗಿ ಗಮನಿಸದ ಸಂಗತಿ. 1970ರ ‘ಟೋರಾ! ಟೋರಾ! ಟೋರಾ!’ದಲ್ಲಿ ಇಬ್ಬರೂ ಜಪಾನಿನ ದಾಳಿಗೆ ಸಿಕ್ಕ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರಿನ ಕಮಾಂಡರುಗಳು. ರೊಬಾರ್ಡ್ಸ್ ಭೂಸೇನೆಯ ಜನರಲ್ ಶಾರ್ಟ್, ಬಾಲ್ಸಮ್ ನೌಕಾಪಡೆಯ ಅಡ್ಮಿರಲ್ ಕಿಮ್ಮೆಲ್. ಕಣ್ಣೆದುರಿಗೇ ತನ್ನ ಹಡಗುಗಳು ಹೊತ್ತಿ ಉರಿಯುತ್ತಿರುವಾಗ ಕಿಟಕಿ ಒಡೆದು ಬಂದ, ಬಿರುಸು ಕಳೆದುಕೊಂಡ ಒಂದು ಗುಂಡು ಅಡ್ಮಿರಲ್ ಎದೆಗೆ ತಾಕಿ ಕೆಳಗೆ ಬೀಳುತ್ತದೆ. ಇದು ನಿಜಕ್ಕೂ ನಡೆದದ್ದು. ಇದು ನನ್ನನ್ನು ಕೊಂದಿದ್ದರೇ ಒಳ್ಳೆಯದಿತ್ತು ಅನ್ನೋ ಅರ್ಥದ ಮಾತನ್ನು ಅವನು ಹೇಳುತ್ತಾನೆ. ಅಂಥ ಮಾತನ್ನು ಎಷ್ಟು ತಗ್ಗಿದ ದನಿಯಲ್ಲಿ ಹೇಳಬಹುದು ಅಂತ ಅಲ್ಲಿ ಕಲಿಯಬೇಕು.

ಮೂರನೆಯದು 1976ರ ‘ಆಲ್ ದಿ ಪ್ರೆಸಿಡೆಂಟ್ಸ್ ಮೆನ್’. ವಾಟರ್‌ಗೇಟ್ ಹಗರಣ ಬಯಲಿಗೆಳೆದ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ಕಥೆ. ರೊಬಾರ್ಡ್ಸ್ ಸಂಪಾದಕ ಬೆನ್ ಬ್ರ್ಯಾಡ್ಲಿ. ಬಾಲ್ಸಮ್ ವ್ಯವಸ್ಥಾಪಕ ಸಂಪಾದಕ ಹೊವರ್ಡ್ ಸೈಮನ್ಸ್. ಪತ್ರಿಕೆಗೆ ಹಗರಣದ ಸುಳಿವು ಕೊಡುತ್ತಿದ್ದ ಗುಪ್ತ ಮಾಹಿತಿದಾರನಿಗೆ ‘ಡೀಪ್ ಥ್ರೋಟ್’ ಅಂತ ಅಡ್ಡಹೆಸರಿಟ್ಟದ್ದು ನಿಜಜೀವನದ ಸೈಮನ್ಸ್. ಆದರೆ ಸಿನಿಮಾ ಅವರಿಗೆ ಅಷ್ಟು ಜಾಗ ಕೊಡಲಿಲ್ಲ. ತೆರೆಯ ಮೇಲೆ ಮಿಂಚಿದ್ದು ಮೇಜಿನ ಮೇಲೆ ಕಾಲು ಚಾಚುವ ಬ್ರ್ಯಾಡ್ಲಿ. ಆ ಸಲ ಪೋಷಕ ನಟನ ಆಸ್ಕರ್ ರೊಬಾರ್ಡ್ಸ್ ಅವರಿಗೆ ಹೋಯಿತು. ಹನ್ನೊಂದು ವರ್ಷದ ಹಿಂದೆ ರೊಬಾರ್ಡ್ಸ್ ನಾಯಕರಾಗಿದ್ದ ಸಿನಿಮಾದಲ್ಲಿ ಪಕ್ಕದಲ್ಲಿದ್ದ ಬಾಲ್ಸಮ್‌ಗೆ ಅದೇ ಪ್ರಶಸ್ತಿ ಬಂದಿತ್ತು. ಸಂಪಾದಕರ ಸಭೆಯ ದೃಶ್ಯಗಳಲ್ಲಿ ಒಮ್ಮೆ ಬರೀ ಬಾಲ್ಸಮ್ ಅವರನ್ನೇ ನೋಡಿ. ಪ್ರತಿಯೊಬ್ಬರ ಮಾತಿಗೂ ಅವರ ಮುಖದಲ್ಲಿ ಒಂದು ಉತ್ತರ ಇದೆ. ಪತ್ರಿಕಾ ಕಚೇರಿ ಅನ್ನೋದು ದಿನವೂ ಹೇಗೆ ನಡೆಯುತ್ತದೆ ಅನ್ನೋದು ಆ ಮುಖದಿಂದಲೇ ತಿಳಿಯುತ್ತದೆ.

ಆಮೇಲಿನ ವರ್ಷಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. 1979ರಿಂದ ‘ಆರ್ಚಿ ಬಂಕರ್ಸ್ ಪ್ಲೇಸ್’ ಅನ್ನೋ ಟಿವಿ ಧಾರಾವಾಹಿಯಲ್ಲಿ ಆರ್ಚಿಯ ಯಹೂದಿ ಪಾಲುದಾರ ಮರ್ರೆ ಕ್ಲೈನ್ ಆಗಿ ಅಮೆರಿಕದ ಮನೆಮನೆಗೂ ಬಂದರು. ಎರಡು ಸೀಸನ್ ಆದ ಮೇಲೆ ಬಿಟ್ಟರು. 1980ರ ದಶಕದ ಕೆಲವು ಸಿನಿಮಾಗಳು ಅವರ ಮಟ್ಟದವಲ್ಲ, ‘ಡೆತ್ ವಿಶ್ 3’ ಅಂಥದ್ದೇ ಒಂದು. 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ‘ಕೇಪ್ ಫಿಯರ್’ ಅನ್ನು ಮತ್ತೆ ಮಾಡಿದಾಗ ಹಳೇ ಚಿತ್ರದ ಗ್ರೆಗರಿ ಪೆಕ್, ರಾಬರ್ಟ್ ಮಿಚಮ್ ಮತ್ತು ಬಾಲ್ಸಮ್ ಮೂವರನ್ನೂ ಗೌರವದಿಂದ ಕರೆದು ಚಿಕ್ಕ ಪಾತ್ರಗಳನ್ನು ಕೊಟ್ಟರು. ಮೊದಲ ಸಲ ಪೊಲೀಸ್ ಮುಖ್ಯಸ್ಥನಾಗಿದ್ದ ಬಾಲ್ಸಮ್ ಈ ಸಲ ನ್ಯಾಯಾಧೀಶ. 1996ರ ಫೆಬ್ರವರಿ 13ರಂದು ರೋಮ್‌ನಲ್ಲಿ ತೀರಿಕೊಂಡರು. ವಯಸ್ಸು 76. ಮಗಳು ಟಾಲಿಯಾ ಬಾಲ್ಸಮ್ ಕೂಡ ನಟಿ. ‘ಮ್ಯಾಡ್ ಮೆನ್’ ನೋಡಿದವರಿಗೆ ರೋಜರ್ ಸ್ಟರ್ಲಿಂಗ್‌ನ ಮೊದಲ ಹೆಂಡತಿ ಮೋನಾ ಆಗಿ ಪರಿಚಯ ಇರುತ್ತದೆ.

ಇದನ್ನು ಓದಿ ಯಾರಿಗಾದರೂ ಬಾಲ್ಸಮ್ ಅವರನ್ನು ನೋಡಬೇಕು ಅನ್ನಿಸಿದರೆ, ನನ್ನ ಮಾತು ಕೇಳಿ, ‘ಸೈಕೋ’ದಿಂದ ಶುರು ಮಾಡಬೇಡಿ. ಅಲ್ಲಿ ಕಥೆಯೇ ಎಲ್ಲರನ್ನೂ ನುಂಗಿಬಿಡುತ್ತದೆ. ಮೊದಲು ‘ಟ್ವೆಲ್ವ್ ಆಂಗ್ರಿ ಮೆನ್’ ಹಾಕಿಕೊಳ್ಳಿ. ಎಷ್ಟು ಸಲ ನೋಡಿದ್ದರೂ ಪರವಾಗಿಲ್ಲ, ಈ ಸಲ ಮೇಜಿನ ತುದಿಯಲ್ಲಿ ಕೂತವನ ಮೇಲೆ ಕಣ್ಣಿಡಿ. ಆಮೇಲೆ ‘ಪೆಲ್ಹಮ್’. ಬಿಡುವಿರುವ ಒಂದು ಭಾನುವಾರ ‘ಎ ಥೌಸಂಡ್ ಕ್ಲೌನ್ಸ್’, ಸಾಧ್ಯವಾದರೆ ಅಣ್ಣನೋ ತಮ್ಮನೋ ಪಕ್ಕದಲ್ಲಿರುವಾಗ. ‘ಸೈಕೋ’ ಕೊನೆಗೆ ಇರಲಿ.